ನಾಟಿ ಕೋಳಿ ಜೊತೆ ಗಿನಿ ಕೋಳಿ ಸಾಕಿದರೆ ಮುಂಗುಸಿ ಕಾಟ ತಪ್ಪುತ್ತಾ?

ತೋಟದಮನೆ:
ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ನಾಟಿ ಕೋಳಿಗಳನ್ನು ಹಗಲು ಬಿಟ್ಟು ಸಾಕುತ್ತೇವೆ. ಹಗಲು ಮುಂಗುಸಿ, ಗಿಡುಗ, ರಾತ್ರಿಯಾದರೆ ಕಬ್ಬೆಕ್ಕು, ಮರಿಗಳು ಉಳಿಯುವುದೇ ಇಲ್ಲ. ಗಿನಿ ಕೋಳಿ ಇದ್ದರೆ ಯಾವ ಪ್ರಾಣಿಯೂ ಹತ್ತಿರ ಸುಳಿಯುವುದಿಲ್ಲ ಅಂತ ಮಾರುವವರು ಹೇಳುತ್ತಾರೆ. ನಿಜವಾ? ಎರಡನ್ನೂ ಒಂದೇ ಗೂಡಿಗೆ ಹಾಕಬಹುದಾ?

ಹಳೇ ಹುಂಜ:
ಕೂಗುತ್ತವೆ ಅಷ್ಟೇ, ಕಾಯುವುದಿಲ್ಲ. ಆದರೆ ಆ ಕೂಗು ಕೆಲಸಕ್ಕೆ ಬರುತ್ತದೆ. ಮೇಲೆ ಗಿಡುಗ ಸುತ್ತಿದರೆ ಸಾಕು, ಎಲ್ಲಾ ಸೇರಿ ಕಿರುಚುತ್ತವೆ, ಆ ಗಲಾಟೆಗೆ ನಾಟಿ ಹೇಂಟೆಯೂ ಮರಿ ಕಟ್ಟಿಕೊಂಡು ಪೊದೆಗೆ ನುಗ್ಗುತ್ತದೆ. ಮುಂಗುಸಿ ಓಡಬೇಕಾದರೆ ಮಾತ್ರ ಕೂಗು ಕೇಳಿ ಹೊರಗೆ ಬರುವ ಜನ ಮನೆಯಲ್ಲಿರಬೇಕು. ರಾತ್ರಿ ಇವುಗಳದ್ದೇ ದೊಡ್ಡ ಚಿಂತೆ. ಸುಮ್ನೆ ಬಿಟ್ಟರೆ ಮರ ಹತ್ತಿ ಕೂರುತ್ತವೆ, ಕಬ್ಬೆಕ್ಕೂ ಮರ ಹತ್ತುತ್ತದಲ್ವಾ. ತಂದ ಮೇಲೆ ಕೆಲವು ವಾರ ಹೊರಗೆ ಬಿಡಲೇಬೇಡಿ, ಗೂಡು ರೂಢಿಯಾಗಲಿ. ಆಮೇಲೂ ದಿನಾ ಸಂಜೆ ಬೆಳಕಿರುವಾಗಲೇ ಗೂಡಿನೊಳಗೆ ಒಂದು ಹಿಡಿ ಕಾಳು ಹಾಕಿ ಕರೆಯಿರಿ.

ಗದ್ದೆಬದು:
ಒಂದೇ ಗೂಡಾದರೂ ಆಗುತ್ತದೆ, ಜಾಗ ಜಾಸ್ತಿ ಬೇಕು. ಗಿನಿ ಗಂಡು ಹುಂಜನನ್ನು ಅಟ್ಟಿಸಿಕೊಂಡು ಹೋಗಿ ಹಿಂದಿನಿಂದ ಗರಿ ಕೀಳುತ್ತದೆ. 4–5 ಹೆಣ್ಣಿಗೆ ಒಂದು ಗಂಡು ಸಾಕು. ಮೇವಿನ ತಟ್ಟೆ ಎರಡು ಕಡೆ ಇಡಿ, ಕೂರಲು ಎತ್ತರದಲ್ಲಿ ಗಳ ಕಟ್ಟಿ.

ದೊಡ್ಡ ಗಿನಿ ತರುವ ಬದಲು ಮೊಟ್ಟೆ ತಂದು ನಾಟಿ ಹೇಂಟೆಯ ಕಾವಿಗೆ ಇಡುವುದು ನನ್ನ ಪ್ರಕಾರ ಒಳ್ಳೆಯದು. ಗಿನಿ ತಾಯಿ ಬೆಳಿಗ್ಗೆ ಇಬ್ಬನಿ ಹುಲ್ಲಿನಲ್ಲೇ ಮರಿಗಳನ್ನು ಎಳೆದುಕೊಂಡು ಹೋಗುತ್ತದೆ, ಒದ್ದೆಯಾದ ಮರಿ ಚಳಿಗೆ ಸಾಯುತ್ತದೆ. ಹೇಂಟೆ ಸಾಕಿದ ಮರಿ ಅದರ ಹಿಂದೆಯೇ ಗೂಡಿಗೆ ಬರುವುದನ್ನೂ ಕಲಿಯುತ್ತದೆ. ಒಂದು ಎಚ್ಚರ: ಗಿನಿ ಮೊಟ್ಟೆ ಒಡೆಯಲು 26–28 ದಿನ, ಕೋಳಿಗೆ 21. ಎರಡನ್ನೂ ಒಟ್ಟಿಗೆ ಇಟ್ಟರೆ ಕೋಳಿ ಮರಿ ಬಂದ ಕೂಡಲೇ ಹೇಂಟೆ ಎದ್ದು ಹೊರಡುತ್ತದೆ, ಗಿನಿ ಮೊಟ್ಟೆ ಹಾಳು.

ಕಣಿವೆ:
ಮೊದಲು ಗೂಡು ನೋಡಿ. ತೆಳು ತಂತಿಯ ಕೋಳಿ ಬಲೆಯನ್ನು ನಾಯಿ ಹರಿದು ಹಾಕುತ್ತದೆ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ, ಒಂದು ಅಡಿ ಮಣ್ಣೊಳಗೆ ಇಳಿಸಿ, ಮುಂಗುಸಿ ನೆಲ ಕೆದಕುತ್ತದೆ. ಚಾವಣಿ ಸಂದೂ ಮುಚ್ಚಿ. ಉರುಳು, ವಿಷ ದಯವಿಟ್ಟು ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮುಂಗುಸಿ, ಕಬ್ಬೆಕ್ಕು ಕೊಲ್ಲುವುದು ಅಪರಾಧ. ತೋಟದಲ್ಲಿ ಇಲಿ ತಿನ್ನುವುದೂ ಅವೇ.

ತೋಟದಮನೆ:
ಎಲ್ಲರಿಗೂ ಥ್ಯಾಂಕ್ಸ್. ಈ ವಾರ ಮೆಶ್ ತರಿಸುತ್ತೇನೆ. ಒಂದು ಹೇಂಟೆ ಕಾವಿಗೆ ಕೂರುವ ಹಾಗಿದೆ, ಶಿವಮೊಗ್ಗ ಕಡೆ ಗಿನಿ ಮೊಟ್ಟೆ ಯಾರಲ್ಲಾದರೂ ಇದ್ದರೆ ತಿಳಿಸಿ.