ಕೋರ್ಸ್‌ವರ್ಕ್ ಮುಗಿದ ಮೇಲೆ ಗಂಗೋತ್ರಿಯಲ್ಲಿ ಒಡನಾಟ ಕಟ್ಟಿಕೊಳ್ಳುವುದು ಹೇಗೆ?

ನಾಗಮಂಗಲದ ಸಂಶೋಧಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಸಮಾಜವಿಜ್ಞಾನ ವಿಭಾಗವೊಂದರಲ್ಲಿ ನಾನು ಪಿಎಚ್‌.ಡಿ. ಎರಡನೆಯ ವರ್ಷದಲ್ಲಿದ್ದೇನೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳ ಕೂಲಿ ನನ್ನ ವಿಷಯ. ಸರಸ್ವತಿಪುರಂನಲ್ಲಿ ಬಾಡಿಗೆ ಕೋಣೆಯಲ್ಲಿದ್ದೇನೆ.

ಕೋರ್ಸ್‌ವರ್ಕ್ (ಸಂಶೋಧನೆಯ ಮೊದಲ ಹಂತದ ತರಗತಿಗಳು) ನಡೆಯುತ್ತಿದ್ದಾಗ ನಾವು ಹನ್ನೊಂದು ಮಂದಿ ಒಂದೇ ಕೋಣೆಯಲ್ಲಿ ಕೂರುತ್ತಿದ್ದೆವು; ಪಾಠ ಹೇಗೇ ಇರಲಿ, ಅದು ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಕಳೆಯುತ್ತಿದ್ದ ಅರ್ಧ ಗಂಟೆಯಂತೂ ತಪ್ಪುತ್ತಿರಲಿಲ್ಲ. ಪರೀಕ್ಷೆ ಮುಗಿದ ಮರುವಾರವೇ ಒಬ್ಬರು ಕ್ಷೇತ್ರಕಾರ್ಯಕ್ಕೆ, ಇನ್ನೊಬ್ಬರು ಅತಿಥಿ ಉಪನ್ಯಾಸಕ್ಕೆ, ಮತ್ತೊಬ್ಬರು ಊರಿಗೆ ಎಂದು ಚದುರಿಹೋದೆವು. ಈಗ ಕೆಲವು ದಿನ ಗ್ರಂಥಾಲಯದ ಬಾಗಿಲಲ್ಲಿ ಚೀಲ ಇಡಿಸಿಕೊಳ್ಳುವವರ ಹೊರತು ಬೇರೆ ಯಾರೊಡನೆಯೂ ಮಾತನಾಡದೆ ಕೋಣೆಗೆ ಮರಳುತ್ತೇನೆ. ಗೈಡ್ ಒಳ್ಳೆಯವರು, ಹದಿನೈದು ದಿನಕ್ಕೊಮ್ಮೆ ಸಮಯ ಕೊಡುತ್ತಾರೆ. ಅವರ ಮೇಲೆ ನನ್ನ ದೂರಿಲ್ಲ.

ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುತ್ತೋಲೆ ಮತ್ತು ಹುಟ್ಟುಹಬ್ಬದ ಶುಭಾಶಯಗಳ ಹೊರತು ಬೇರೇನೂ ಬರುವುದಿಲ್ಲ. ಒಮ್ಮೆ ನಾನೇ ಮುಂದಾಗಿ ಸ್ನೇಹಕೂಟವೊಂದನ್ನು ಏರ್ಪಡಿಸಿದೆ. ಇಪ್ಪತ್ತಮೂರು ಜನ ಬರುತ್ತೇವೆಂದರು, ಆರು ಜನ ಬಂದರು, ಫೋಟೊ ತೆಗೆಸಿಕೊಂಡೆವು, ಅಲ್ಲಿಗೆ ಮುಗಿಯಿತು. ತರಗತಿಯ ಆಸರೆಯಿಲ್ಲದೆ ನಾಲ್ಕು ಜನರ ಒಡನಾಟವನ್ನು ವರ್ಷಗಟ್ಟಲೆ ಉಳಿಸಿಕೊಂಡವರು ಯಾರಾದರೂ ಇದ್ದರೆ, ಅದನ್ನು ಹೇಗೆ ಸಾಧಿಸಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಏರಿಯ ಮೇಲಿನ ಗುರುವಾರ

ಸಹೋದರಿ, ನಿಮ್ಮ ಸ್ನೇಹಕೂಟ ಸೋತದ್ದು ನಿಮ್ಮ ತಪ್ಪಿನಿಂದಲ್ಲ. ಒಂದು ದಿನದ ಕಾರ್ಯಕ್ರಮಕ್ಕೆ ಜನರನ್ನು ಪ್ರತಿ ಸಲವೂ ಹೊಸದಾಗಿ ಕರೆಯಬೇಕಾಗುತ್ತದೆ, ಕರೆಯುವವರು ದಣಿದ ದಿನ ಅದು ನಿಂತುಹೋಗುತ್ತದೆ. ತರಗತಿ ನಿಮ್ಮನ್ನು ಒಟ್ಟಿಗೆ ಹಿಡಿದಿಟ್ಟದ್ದು ಪಾಠದ ರುಚಿಯಿಂದಲ್ಲ, ಯಾರೂ ಕರೆಯದಿದ್ದರೂ ಎಲ್ಲರೂ ಬಂದು ಸೇರುವ ಒಂದು ಹೊತ್ತು ಮತ್ತು ಒಂದು ಜಾಗ ಅದಕ್ಕೆ ಇತ್ತು ಎಂಬ ಕಾರಣದಿಂದ. ಆ ಹೊತ್ತನ್ನು ನೀವು ಮರಳಿ ಗೊತ್ತುಮಾಡಿಕೊಳ್ಳಬೇಕು.

ನಾವು ಮಾಡಿದ್ದು ಇಷ್ಟೇ. ಪ್ರತಿ ಗುರುವಾರ ಸಂಜೆ ನಾಲ್ಕೂವರೆಗೆ ಕುಕ್ಕರಹಳ್ಳಿ ಕೆರೆಯ ಏರಿಯ ಬಳಿ ಸೇರುತ್ತಿದ್ದೆವು. ಒಬ್ಬರು ತಾವು ಆ ವಾರ ಬರೆದ ಎರಡು ಪುಟ ತರಬೇಕು, ಉಳಿದವರು ಓದಿ ಮಾತನಾಡಬೇಕು, ಆಮೇಲೆ ನಡಿಗೆ. ಬರೆದದ್ದು ಚೆನ್ನಾಗಿರಬೇಕೆಂಬ ನಿಯಮ ಇರಲಿಲ್ಲ. ಚೆನ್ನಾಗಿ ಬರೆದ ಮೇಲೆ ತರುತ್ತೇನೆ ಎನ್ನುವವರು ಎಂದೂ ತರುವುದಿಲ್ಲವಷ್ಟೆ. ಇಬ್ಬರೇ ಬಂದರೂ ರದ್ದು ಮಾಡಬಾರದು ಎಂಬ ಕಟ್ಟಳೆಯೊಂದೇ ನಮ್ಮನ್ನು ಮೂರು ವರ್ಷ ಉಳಿಸಿತು. ಹಾಗೆ ಇಬ್ಬರೇ ಕುಳಿತ ಗುರುವಾರಗಳು ಕಡಿಮೆಯೇನಲ್ಲ, ಮತ್ತು ನನ್ನ ಮಟ್ಟಿಗೆ ಅತ್ಯಂತ ಉಪಯುಕ್ತವಾದ ಮಾತುಗಳು ಆ ದಿನಗಳಲ್ಲೇ ನಡೆದವು.

ಇನ್ನೊಂದು ವಿಷಯ. ನಿಮ್ಮದೇ ವಿಭಾಗದವರನ್ನು ಮಾತ್ರ ಸೇರಿಸಬೇಡಿ. ಒಂದೇ ವಿಭಾಗದಲ್ಲಿ ಗೈಡ್‌ಗಳ ನಡುವಿನ ಮನಸ್ತಾಪಗಳು ವಿದ್ಯಾರ್ಥಿಗಳ ನಡುವೆಯೂ ಇಳಿದುಬರುತ್ತವೆ. ನಮ್ಮ ಗುಂಪಿನಲ್ಲಿ ಭೌತವಿಜ್ಞಾನದ ಒಬ್ಬ ಗೆಳೆಯನಿದ್ದ. ನನ್ನ ಅಧ್ಯಾಯದ ತಾತ್ತ್ವಿಕ ಚರ್ಚೆಯ ಬಗ್ಗೆ ಅವನು ತುಟಿ ಬಿಚ್ಚಲಿಲ್ಲ, ಆದರೆ ಕೋಷ್ಟಕವನ್ನು ನೋಡಿ, "ಈ ಶೇಕಡಾವಾರುಗಳೆಲ್ಲ ಸೇರಿದರೆ 104 ಆಗುತ್ತದಲ್ಲ?" ಎಂದ. ನನ್ನ ಗೈಡ್ ಆದಿಯಾಗಿ ಯಾರಿಗೂ ಅದು ಕಂಡಿರಲಿಲ್ಲ.

ಮಂಡ್ಯದ ರೈಲು ಪಾಸು

ಮೇಲಿನವರ ಸಲಹೆಯನ್ನು ಒಪ್ಪುತ್ತೇನೆ, ಆದರೆ ನಾಲ್ಕೂವರೆ ಗಂಟೆಯನ್ನು ಒಪ್ಪುವುದಿಲ್ಲ. ನಾನು ನಿತ್ಯ ಮಂಡ್ಯದಿಂದ ರೈಲಿನಲ್ಲಿ ಓಡಾಡಿ ಸಂಶೋಧನೆ ಮುಗಿಸಿದವನು. ಸಂಜೆಯ ಸಭೆ ಎಂದರೆ ನನ್ನಂಥವರಿಗೆ ಬರಬೇಡಿ ಎಂದು ಮರ್ಯಾದೆಯಾಗಿ ಹೇಳಿದಂತೆ. ಹಾಸ್ಟೆಲಿನ ಬಾಗಿಲು ಮುಚ್ಚುವ ಹೊತ್ತಿಗೆ ಹಿಂತಿರುಗಬೇಕಾದವರು, ಮನೆಯಲ್ಲಿ ಮಗುವನ್ನು ಬಿಟ್ಟು ಬಂದವರು, ಮಧ್ಯಾಹ್ನದ ಮೇಲೆ ಪಾಠ ಮಾಡಲು ಹೋಗುವವರು, ಇವರೆಲ್ಲ ಯಾವ ಗುಂಪಿನಲ್ಲೂ ಕಾಣಿಸದಿರುವುದು ಅವರ ನಿರಾಸಕ್ತಿಯಿಂದಲ್ಲ.

ದುಡ್ಡಿನ ಮಾತನ್ನೂ ಹೇಳಿಬಿಡುತ್ತೇನೆ. ಜೆ.ಆರ್‌.ಎಫ್‌. (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಅದೇ ಬೆಂಚಿನಲ್ಲಿ ಕೂರುವ ಮತ್ತೊಬ್ಬರಿಗೆ ಏನೂ ಇಲ್ಲದಿರಬಹುದು. ಪ್ರತಿ ವಾರ ಹೋಟೆಲಿನಲ್ಲಿ ಸೇರೋಣ ಎಂದಾಗ ಎರಡನೆಯವರು ಮೂರು ವಾರ ನೆಪ ಹೇಳಿ, ನಾಲ್ಕನೆಯ ವಾರ ಬರುವುದನ್ನೇ ಬಿಡುತ್ತಾರೆ. ನಾನು ಹಾಗೆ ಬಿಟ್ಟವನು. ಆದ್ದರಿಂದ ಮಧ್ಯಾಹ್ನ ಒಂದು ಗಂಟೆಗೆ, ಅವರವರ ಡಬ್ಬಿಯೊಂದಿಗೆ, ಯಾವುದಾದರೂ ಮರದ ಕೆಳಗೆ ಸೇರಿ. (ಮುದ್ದೆಯನ್ನು ಮಾತ್ರ ಡಬ್ಬಿಯಲ್ಲಿ ತರಬೇಡಿ, ಮಧ್ಯಾಹ್ನದ ಹೊತ್ತಿಗೆ ಅದು ಮುದ್ದೆಯಾಗಿ ಉಳಿದಿರುವುದಿಲ್ಲ.)

ಒಂಟಿ ಮೇಜು

ಭಿನ್ನಾಭಿಪ್ರಾಯವೊಂದಿರಲಿ. ನಾನು ಇಂಥ ಗುಂಪೊಂದರಲ್ಲಿ ಎರಡು ವರ್ಷ ಇದ್ದೆ. ನಮ್ಮಲ್ಲಿ ಹಿರಿಯರೊಬ್ಬರು ಸೇರಿದ ಮೇಲೆ ಅದು ವಾರಕ್ಕೊಂದು ಉಪನ್ಯಾಸವಾಯಿತು, ಆಮೇಲೆ ಗೈಡ್‌ಗಳನ್ನು ಬೈಯುವ ಜಗಲಿಕಟ್ಟೆಯಾಯಿತು. ಬೈದು ಹಗುರಾಗುವುದು ಒಳ್ಳೆಯದೇ; ಆದರೆ ಆ ಎರಡು ವರ್ಷದಲ್ಲಿ ನಾನು ಒಂದು ಅಧ್ಯಾಯವನ್ನೂ ಮುಗಿಸಲಿಲ್ಲ. ಹೊರಬಂದ ಮೇಲೆಯೇ ಬರೆದೆ.

ನಿವೃತ್ತಿಗೆ ಹತ್ತಿರವಿರುವ ಮೇಷ್ಟ್ರು

ಈ ಚರ್ಚೆಯನ್ನು ಓದಿ, ಮಾರ್ಗದರ್ಶಕನ ಕಡೆಯಿಂದ ಎರಡು ಮಾತು ಬರೆಯಬೇಕೆನಿಸಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯು.ಜಿ.ಸಿ.) 2022ರ ನಿಯಮಾವಳಿಯ ಪ್ರಕಾರ ಪಿಎಚ್‌.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ ಇನ್ನೂ 2 ವರ್ಷಗಳ ರಿಯಾಯಿತಿಗೆ ಅವಕಾಶವಿದೆ. ಪ್ರತಿ ಸೆಮಿಸ್ಟರಿಗೊಮ್ಮೆ ವಿದ್ಯಾರ್ಥಿಯು ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿಯನ್ನು ಮಂಡಿಸಬೇಕು. ಅಂದರೆ, ಕೋರ್ಸ್‌ವರ್ಕ್ ಮುಗಿದ ಮೇಲೆ ನಿಮ್ಮ ಬರವಣಿಗೆಯನ್ನು ನಿಯಮಪೂರ್ವಕವಾಗಿ ಯಾರಾದರೂ ಕೇಳುವುದು ವರ್ಷಕ್ಕೆ ಎರಡು ಸಲ, ಅದೂ ತೀರ್ಪು ನೀಡುವ ಸ್ಥಾನದಲ್ಲಿ ಕುಳಿತು. ತೀರ್ಪು ನೀಡದೆ ಕೇಳುವ ಕಿವಿಗಳು ವಿದ್ಯಾರ್ಥಿಗೆ ಬೇರೆ ಕಡೆಯಿಂದಲೇ ದೊರಕಬೇಕು. ಗೈಡ್ ಎಷ್ಟೇ ಒಳ್ಳೆಯವರಾದರೂ ಆ ಸ್ಥಾನಕ್ಕೆ ಬರಲಾರರು, ಬರಬಾರದು ಕೂಡ.

ಓದಿನ ಹೊರಗಿನ ಮೈಸೂರನ್ನು ಈ ಮಕ್ಕಳು ಮರೆಯುತ್ತಾರೆಂಬುದು ನನ್ನ ಹಳೆಯ ತಕರಾರು. ಗಂಗೋತ್ರಿಯಿಂದ ಕಲಾಮಂದಿರದ ಆವರಣಕ್ಕೆ ನಡೆದೇ ಹೋಗಬಹುದು. 1989ರಲ್ಲಿ ರಂಗನಿರ್ದೇಶಕ ಬಿ.ವಿ. ಕಾರಂತರು ಕಟ್ಟಿದ ನಾಟಕ ಸಂಸ್ಥೆ ರಂಗಾಯಣ ಅಲ್ಲಿದೆ. ವಾರಾಂತ್ಯದ ನಾಟಕಕ್ಕೆ ನಾಲ್ಕು ಸಲ ಅಲ್ಲಿನ ಭೂಮಿಗೀತ ರಂಗಮಂದಿರಕ್ಕೆ ಹೋಗಿ. ಐದನೆಯ ಸಲ ಅದೇ ಮುಖಗಳು ತಾವಾಗಿಯೇ ನಗುತ್ತವೆ. ನಿಮ್ಮ ಪ್ರಬಂಧದ ಶೀರ್ಷಿಕೆಯನ್ನು ಕೇಳದ ಸ್ನೇಹಿತರು ಇಬ್ಬರಾದರೂ ಇರಬೇಕು. "ಒಂಟಿ ಮೇಜು" ಅವರ ಅನುಭವವೂ ನಿಜವೇ. ಅದಕ್ಕೆ ಮದ್ದು ಎರಡು ಪುಟದ ನಿಯಮ: ಮೇಲೆ ಹೇಳಿದ ಹಾಗೆ ಕಾಗದ ಮುಂದಿದ್ದರೆ ಮಾತು ಅದರ ಸುತ್ತ ಇರುತ್ತದೆ.

ಕಡೆಯದಾಗಿ, ನಿದ್ರೆ ಬಾರದಿರುವುದು, ಊಟ ಸೇರದಿರುವುದು, ವಾರಗಟ್ಟಲೆ ಮೇಜಿನ ಹತ್ತಿರ ಹೋಗಲಾಗದಿರುವುದು ಇದ್ದರೆ ಅದನ್ನು ಬರೀ ಒಂಟಿತನವೆಂದು ತಳ್ಳಿಹಾಕಬೇಡಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

ನಾಗಮಂಗಲದ ಸಂಶೋಧಕಿ

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರದ ಬಳಿಕ ಬರೆಯುತ್ತಿದ್ದೇನೆ. ಮೇಷ್ಟ್ರೇ, ನಿದ್ರೆ ಊಟಕ್ಕೆ ತೊಂದರೆಯಿಲ್ಲ, ಆದರೂ ಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದೇನೆ.

ಬುಧವಾರ ಮಧ್ಯಾಹ್ನ ಒಂದು ಗಂಟೆ ಎಂದು ಗೊತ್ತುಮಾಡಿದೆವು. ಮೊದಲ ವಾರ ನಾಲ್ವರು, ಎರಡನೆಯ ವಾರ ಇಬ್ಬರು, ನಿನ್ನೆ ಐವರು. ಎರಡನೆಯ ವಾರ ರದ್ದು ಮಾಡೋಣವೆಂದು ಸಂದೇಶವನ್ನು ಬರೆದು, ಗುರುವಾರದ ಏರಿಯವರ ಕಟ್ಟಳೆ ನೆನಪಾಗಿ ಅಳಿಸಿದೆ. ಮೊದಲು ಕುಳಿತ ಜಗಲಿಯಿಂದ ಕಾವಲುಗಾರರು ಎಬ್ಬಿಸಿದರು. ಈಗ ಗ್ರಂಥಾಲಯದ ಹತ್ತಿರದ ಮರದ ಕೆಳಗೆ ಕೂರುತ್ತಿದ್ದೇವೆ, ಮಳೆ ಬಂದರೆ ಎಲ್ಲಿಗೆಂದು ಇನ್ನೂ ತೀರ್ಮಾನಿಸಿಲ್ಲ.

ಒಂದು ತೊಡಕು ಉಳಿದಿದೆ. ರಸಾಯನವಿಜ್ಞಾನದ ಗೆಳತಿಯೊಬ್ಬರು ಕೇರಳದವರು, ಕನ್ನಡ ಮಾತು ಅರ್ಥವಾಗುತ್ತದೆ, ಓದಲು ಬಾರದು. ನಾನು ಬರೆಯುವುದು ಕನ್ನಡದಲ್ಲಿ. ಹಾಗಾಗಿ ನಿನ್ನೆ ನನ್ನ ಎರಡು ಪುಟವನ್ನು ಗಟ್ಟಿಯಾಗಿ ಓದಿದೆ. ಓದುವಾಗ ಮೂರು ವಾಕ್ಯಗಳಲ್ಲಿ ನನಗೇ ಉಸಿರು ಸಾಲದಾಯಿತು. ಅವನ್ನು ಕೋಣೆಗೆ ಬಂದ ಮೇಲೆ ಒಡೆದು ಬರೆದೆ. ಇನ್ನು ಮುಂದೆ ಎಲ್ಲರೂ ಗಟ್ಟಿಯಾಗಿಯೇ ಓದುವುದೆಂದು ಮಾಡಬಹುದೇ, ಅಥವಾ ಹೊತ್ತು ಸಾಲದೆ ಹೋಗುತ್ತದೆಯೇ? ಮಾಡಿ ನೋಡಿದವರಿದ್ದರೆ ತಿಳಿಸಿ.