ಕೋಶಪೊರೆಯ ಮಾದರಿಗೆ ತೊಟ್ಟೆ ಸರಿಯೇ, ಮೊಟ್ಟೆಯ ಪೊರೆ ಸರಿಯೇ?

ಪ್ರಶ್ನೆ: ಪ್ರೌಢಶಾಲಾ ಅಧ್ಯಾಪಿಕೆ, ಬದಿಯಡ್ಕ ಸಮೀಪ

ಕೋಶಪೊರೆಯು ಕೆಲವನ್ನು ಒಳಬಿಟ್ಟು ಕೆಲವನ್ನು ತಡೆಯುತ್ತದೆ ಎಂಬುದನ್ನು ತರಗತಿಯಲ್ಲಿ ಮಾಡಿಯೇ ತೋರಿಸಬೇಕೆಂದು ಮನೆಯಲ್ಲಿ ಸಿಗುವ ಮೂರು ವಸ್ತುಗಳನ್ನು ಕಳೆದ ವಾರ ಪರೀಕ್ಷಿಸಿದೆ: ಹಳೆಯ ಬೈರಾಸಿನ ತುಂಡು, ಜಿನಸಿನಂಗಡಿಯ ತೆಳು ಪ್ಲಾಸ್ಟಿಕ್ ತೊಟ್ಟೆ, ಹೂಗುಚ್ಛಕ್ಕೆ ಸುತ್ತಿ ಬರುವ ಗರಿಗರಿಯಾದ ಪಾರದರ್ಶಕ ಹಾಳೆ. ಗಂಜಿ ತೆಳಿಗೆ ಎರಡು ಚಮಚ ಗ್ಲೂಕೋಸ್ ಪುಡಿ ಕಲಸಿ ಪ್ರತಿಯೊಂದರಲ್ಲೂ ತುಂಬಿ, ಬಾಯಿಗೆ ನೂಲು ಬಿಗಿದು, ಟಿಂಕ್ಚರ್ ಅಯೋಡಿನನ್ನು ಕಣ್ಣಚಹಾದ ಬಣ್ಣ ಬರುವಷ್ಟು ಬೆರೆಸಿದ ನೀರಿನಲ್ಲಿ ಇಳಿಬಿಟ್ಟೆ.

ಬೈರಾಸು ಐದೇ ನಿಮಿಷದಲ್ಲಿ ಸೋತಿತು. ಅಯೋಡಿನ್ ತಾಗಿದರೆ ನೀಲಿಯಾಗುವ ಗಂಜಿಯ ಪಿಷ್ಟ ಹೊರಬಂದು ಪಾತ್ರೆಯ ನೀರೆಲ್ಲ ನೀಲಿಯಾಯಿತು. ಹೂವಿನ ಹಾಳೆಯಲ್ಲಿ ಸಂಜೆಯವರೆಗೂ ಏನೂ ಆಗಲಿಲ್ಲ. ತೊಟ್ಟೆಯಲ್ಲಿ ಮಾತ್ರ ಸುಮಾರು ಅರ್ಧ ಗಂಟೆಗೆ ಅಂಚಿನ ತೆಳಿ ನೀಲಿಗಟ್ಟತೊಡಗಿ, ಒಂದು ಗಂಟೆಗೆ ಒಳಗೆಲ್ಲ ಕಡುನೀಲಿಯಾಯಿತು. ಹೊರಗಿನ ನೀರು ಚಹಾದ ಬಣ್ಣದಲ್ಲಿಯೇ ಉಳಿಯಿತು. ‘ಅಯೋಡಿನ್ ಚಿಕ್ಕದು, ಆದುದರಿಂದ ತೂತಿನಲ್ಲಿ ನುಸುಳಿತು, ಪಿಷ್ಟ ದೊಡ್ಡದು, ಉಳಿಯಿತು’ ಎಂದು ಮಕ್ಕಳಿಗೆ ಹೇಳಿ ಮುಗಿಸಿದೆ.

ಮುಗಿಯಲಿಲ್ಲ. ಅಂತಹದೇ ಇನ್ನೊಂದು ತೊಟ್ಟೆಯನ್ನು ಬರೀ ನೀರಿನಲ್ಲಿಟ್ಟಿದ್ದೆ. ಮರುದಿನ ಆ ನೀರನ್ನು ಗ್ಲೂಕೋಸ್ ಇದ್ದರೆ ತನ್ನ ನೀಲಿ ಬಣ್ಣ ಬದಲಿಸುವ ಬೆನೆಡಿಕ್ಟ್ ದ್ರಾವಣದೊಂದಿಗೆ ಕುದಿಸಿದಾಗ ಆ ನೀಲಿ ಕದಲಲೇ ಇಲ್ಲ, ಅಂದರೆ ಗ್ಲೂಕೋಸ್ ಹೊರಬಂದಿರಲಿಲ್ಲ. ಆಗ ಒಬ್ಬ ವಿದ್ಯಾರ್ಥಿನಿ ಲೆಕ್ಕ ಹಾಕಿ, ಅಯೋಡಿನಿನ ಅಣುತೂಕ 254, ಗ್ಲೂಕೋಸಿನದು 180, ಹಗುರವಾದುದು ಯಾಕೆ ಒಳಗೆ ಉಳಿಯಿತು ಟೀಚರ್ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಈ ತೊಟ್ಟೆಯನ್ನು ಪೊರೆಯ ಮಾದರಿಯೆಂದು ತೋರಿಸುವುದು ಸರಿಯೇ?

ಉತ್ತರ 1: ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ, ಕಾಸರಗೋಡು

ಟೀಚರ್, ಆ ಹುಡುಗಿಯ ಲೆಕ್ಕ ಸರಿಯಾಗಿದೆ, ತಪ್ಪಿರುವುದು ‘ತೂತು’ ಎಂಬ ನಮ್ಮ ಮಾತು. ಪಾಲಿಥೀನ್ ಜರಡಿಯಲ್ಲ. ಅದು ಮೇಣದ ಜಾತಿಯ ವಸ್ತು. ಎಣ್ಣೆಯಲ್ಲಿ ಕರಗುವಂಥದು ಅದರಲ್ಲಿಯೂ ಅಷ್ಟಿಷ್ಟು ಕರಗುತ್ತದೆ. ಅಯೋಡಿನ್ ಹೊರಮೈಯಲ್ಲಿ ಪ್ಲಾಸ್ಟಿಕ್ಕಿನೊಳಕ್ಕೆ ಕರಗಿ, ಅದರ ದಪ್ಪದಲ್ಲಿ ಹರಡಿ, ಒಳಮೈಯಲ್ಲಿ ಹೊರಬಿದ್ದು ಪಿಷ್ಟವನ್ನು ಸೇರುತ್ತದೆ. ಗ್ಲೂಕೋಸ್ ನೀರಿಗೆ ಅಂಟಿಕೊಂಡಿರುವ ಅಣುವಾದುದರಿಂದ ಎಷ್ಟೇ ಹಗುರವಾಗಿದ್ದರೂ ಆ ಮೇಣದೊಳಕ್ಕೆ ಕಾಲಿಡುವುದಿಲ್ಲ. ತೊಟ್ಟೆಯನ್ನು ಖಾಲಿ ಮಾಡಿ, ತೊಳೆದು, ಬಿಳಿ ಕಾಗದದ ಮೇಲೆ ಹರಡಿ ನೋಡಿ, ಪ್ಲಾಸ್ಟಿಕ್ಕೇ ಹಳದಿ-ಕಂದಾಗಿರುತ್ತದೆ. ಇನ್ನೊಂದು ಸಾಕ್ಷಿ ಬೇಕಿದ್ದರೆ ಅಯೋಡಿನ್ ನೀರಿಗೆ ತೆಂಗಿನೆಣ್ಣೆ ಹಾಕಿ ಕುಲುಕಿ ನಿಲ್ಲಿಸಿ: ನೀರು ತಿಳಿಯಾಗುತ್ತಾ ಬಂದು ಬಣ್ಣ ಮೇಲಿನ ಎಣ್ಣೆಗೆ ಏರುತ್ತದೆ.

ಹಾಗಾದರೆ ತೊಟ್ಟೆ ಕೆಟ್ಟ ಮಾದರಿಯೇ? ನನ್ನ ಅಭಿಪ್ರಾಯದಲ್ಲಿ ಅದು ನಾವು ಅಂದುಕೊಂಡದ್ದಕ್ಕಿಂತ ಒಳ್ಳೆಯ ಮಾದರಿ. ಕೋಶಪೊರೆಯ ಮೈ ಕೊಬ್ಬಿನಂಥ ಅಣುಗಳ ಎರಡು ಪದರ. 1890ರ ದಶಕದಲ್ಲಿ ವಿಜ್ಞಾನಿ ಅರ್ನೆಸ್ಟ್ ಓವರ್ಟನ್ ಗಮನಿಸಿದ್ದು ಇದನ್ನೇ: ಕೊಬ್ಬಿನಲ್ಲಿ ಸುಲಭವಾಗಿ ಕರಗುವ ವಸ್ತುಗಳು ಜೀವಕೋಶದೊಳಕ್ಕೆ ಬೇಗ ಸೇರುತ್ತವೆ. ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಆ ದಾರಿಯಿಂದಲೇ ಹೋಗುತ್ತವೆ. ಗ್ಲೂಕೋಸಿಗೆ ಪೊರೆಯಲ್ಲಿ ಬೇರೆಯೇ ಪ್ರೋಟೀನ್ ಬಾಗಿಲು ಬೇಕು; ನೀರು ಬೇಗ ಹರಿಯಲು ಕೂಡ ಪ್ರೋಟೀನ್ ಕಾಲುವೆಗಳಿವೆ, ಅವುಗಳನ್ನು ಕಂಡುಹಿಡಿದುದಕ್ಕೆ ಪೀಟರ್ ಆಗ್ರೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದರು. ನಿಮ್ಮ ತೊಟ್ಟೆಯೆಂದರೆ ಬಾಗಿಲುಗಳಿಲ್ಲದ ಬರೀ ಕೊಬ್ಬಿನ ಗೋಡೆ. ಹಾಗೆಂದೇ ಹೇಳಿ ತೋರಿಸಿ.

ಉತ್ತರ 2: ಕಾಲೇಜು ಪ್ರಯೋಗಾಲಯದ ಸಹಾಯಕ, ಮಂಜೇಶ್ವರ

ಮೇಲಿನ ಮಾಷ್ಟ್ರ ಮಾತನ್ನು ಒಪ್ಪುತ್ತೇನೆ. ಗಾತ್ರದ ಜರಡಿಯನ್ನೇ ತೋರಿಸುವುದಾದರೆ ಮಾತ್ರ ವಸ್ತು ಬೇರೆ ಬೇಕು. ಹೂಗುಚ್ಛದ ಹಾಳೆಯನ್ನು ಎಲ್ಲರೂ ಸೆಲೋಫೇನ್ ಎನ್ನುತ್ತಾರೆ, ಆದರೆ ಈಗ ಅಂಗಡಿಯಲ್ಲಿ ಆ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ಪಾಲಿಪ್ರೊಪಿಲೀನ್. ಚಿಕ್ಕ ಪಟ್ಟಿ ಕತ್ತರಿಸಿ ಚಿಮಟದಲ್ಲಿ ಹಿಡಿದು ಬೆಂಕಿ ತಾಗಿಸಿ. ಸುರುಟಿ ಕರಗಿ ಮಣಿಯಾದರೆ ಪ್ಲಾಸ್ಟಿಕ್. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ನಿಜವಾದ ಸೆಲೋಫೇನ್, ಅಂದರೆ ಮರದ ಸೆಲ್ಯುಲೋಸ್. ಅದರಲ್ಲೂ ತೇವ ತಡೆಯುವ ಲೇಪವಿರುವ ಬಗೆಯಿದೆ. ಆದ್ದರಿಂದ ನೀರಿನಲ್ಲಿ ನೆನೆಸಿದಾಗ ಮೆತ್ತಗಾದುದನ್ನು ಮಾತ್ರ ಆರಿಸಿ.

ಎರಡನೇ ವಿಶ್ವಯುದ್ಧದ ಕಾಲದಲ್ಲಿ ನೆದರ್ಲೆಂಡ್ಸಿನ ವೈದ್ಯ ವಿಲ್ಲೆಮ್ ಕೋಲ್ಫ್ ಕೃತಕ ಮೂತ್ರಪಿಂಡ ಕಟ್ಟಿದ್ದು ಮಾಂಸದ ಸಾಸೇಜ್ ತುಂಬಿಸುವ ಸೆಲೋಫೇನ್ ಕೊಳವೆಯಿಂದ. ಪ್ರಯೋಗಾಲಯಗಳಲ್ಲಿ ಬಳಸುವ ಡಯಾಲಿಸಿಸ್ ಕೊಳವೆಯೂ ಸೆಲ್ಯುಲೋಸಿನದೇ. ಸಾಮಾನ್ಯ ಬಗೆಯದು ಸುಮಾರು 12,000ರಿಂದ 14,000 ಡಾಲ್ಟನ್ (ಅಣುತೂಕದ ಅಳತೆ) ತೂಕಕ್ಕಿಂತ ದೊಡ್ಡ ಅಣುಗಳನ್ನು ತಡೆಯುತ್ತದೆ. ಅಲ್ಲಿ ಗ್ಲೂಕೋಸ್, ಅಯೋಡಿನ್ ಎರಡೂ ದಾಟುತ್ತವೆ, ಪಿಷ್ಟ ಮಾತ್ರ ಉಳಿಯುತ್ತದೆ. ಸಮೀಪದ ಕಾಲೇಜಿನಲ್ಲಿ ಗೇಣುದ್ದ ಕೇಳಿದರೆ ಯಾರೂ ಇಲ್ಲವೆನ್ನಲಾರರು.

ಮರೆಯಬಾರದ ಮಾತೊಂದಿದೆ. ಕಟ್ಟಿದ ಚೀಲವನ್ನು ಪಾತ್ರೆಗೆ ಇಳಿಸುವ ಮೊದಲು ಹೊರಮೈಯನ್ನು ನಳ್ಳಿ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಬಾಯಿಕಟ್ಟಿನ ಮಡಿಕೆಯಲ್ಲಿ ಅಂಟಿದ ಒಂದು ತೊಟ್ಟು ತೆಳಿ ಸಾಕು, ಪೊರೆ ಸೋರುತ್ತದೆಂದು ಸುಳ್ಳು ಹೇಳಲು.

ಉತ್ತರ 3: ಗೃಹಿಣಿ, ಹಿಂದೆ ಜೀವಶಾಸ್ತ್ರ ಕಲಿಸುತ್ತಿದ್ದವರು, ಮುಳ್ಳೇರಿಯ

ಶೀರ್ಷಿಕೆಯಲ್ಲಿ ಹೆಸರಿಸಿದ ಮೊಟ್ಟೆಯನ್ನು ಯಾರೂ ಮುಟ್ಟಲಿಲ್ಲವಲ್ಲ. ನಾನು ಮಾಡಿದ್ದೇನೆ. ಚಿಪ್ಪಿನ ಸುಣ್ಣ ವಿನೆಗರಿನಲ್ಲಿ ನೊರೆಯೆದ್ದು ಒಂದೆರಡು ದಿನಗಳಲ್ಲಿ ಕರಗುತ್ತದೆ. 58 ಗ್ರಾಂ ಇದ್ದ ಮೊಟ್ಟೆ ಹೀಗೆ ನೀರು ಹೀರಿ ನನ್ನ ತಕ್ಕಡಿಯಲ್ಲಿ 80 ಗ್ರಾಂ ತೂಗಿತು, ಬಳಿಕ ಗಟ್ಟಿ ಸಕ್ಕರೆಪಾಕದಲ್ಲಿ ಒಂದು ರಾತ್ರಿ ಇಟ್ಟಾಗ ಜೋತುಬಿದ್ದ ಚೀಲದಂತಾಯಿತು. ನೀರಿನ ಓಡಾಟ ತೋರಿಸಲು ಇದಕ್ಕಿಂತ ಸೊಗಸಾದುದು ಇಲ್ಲ. ಆದರೆ ಆ ಪೊರೆ ಪ್ರೋಟೀನ್ ನಾರುಗಳ ನೇಯ್ಗೆ, ಜೀವಕೋಶದ ಪೊರೆಯಲ್ಲ. ಹೀಗೆಂದು ಹೇಳದಿದ್ದರೆ ಮಕ್ಕಳು ಅದನ್ನೇ ಕೋಶಪೊರೆ ಎಂದು ಬರೆದುಬಿಡುತ್ತಾರೆ.

ಮೊಟ್ಟೆ ಮುಟ್ಟದ ಮನೆಯ ಮಕ್ಕಳೂ ನಿಮ್ಮ ತರಗತಿಯಲ್ಲಿರಬಹುದು. ಅವರಿಗೆ ಮಾವಿನ ಮಿಡಿ ಇದೆ. ಭರಣಿಯಲ್ಲಿ ಉಪ್ಪು ಹಾಕಿದ ಮಿಡಿ ಕೆಲವೇ ದಿನಗಳಲ್ಲಿ ಚಿರುಟಿ, ಒಂದು ಹನಿ ನೀರು ಹಾಕದಿದ್ದರೂ ತನ್ನದೇ ನೀರಿನಲ್ಲಿ ಮುಳುಗುವುದನ್ನು ಅವರು ಮನೆಯಲ್ಲಿ ನೋಡಿಯೇ ಇರುತ್ತಾರೆ. ಬೀಟ್‌ರೂಟಿನ ತುಂಡುಗಳನ್ನು ತೊಳೆದು ಒಂದನ್ನು ತಣ್ಣೀರಿಗೆ, ಒಂದನ್ನು ಬಿಸಿನೀರಿಗೆ ಹಾಕಿಸಿ. ಬಿಸಿಗೆ ನಿಜವಾದ ಕೋಶಪೊರೆ ಒಡೆದು ಕೆಂಪು ಹರಿಯುತ್ತದೆ, ತಣ್ಣೀರು ಬಹುಮಟ್ಟಿಗೆ ತಿಳಿಯಾಗಿರುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ತೊಟ್ಟೆಯನ್ನು ಕಾಗದದ ಮೇಲೆ ಹರಡಿ ನೋಡಿದೆ, ಹಳದಿ ಸ್ಪಷ್ಟವಾಗಿಯೇ ಇದೆ. ಹೂವಿನ ಹಾಳೆ ಮಣಿಯಾಯಿತು. ಸೋಮವಾರ ತೆಂಗಿನೆಣ್ಣೆಯ ಬಾಟಲಿಯನ್ನು ಆ ವಿದ್ಯಾರ್ಥಿನಿಯ ಕೈಯಲ್ಲೇ ಕುಲುಕಿಸುತ್ತೇನೆ, ಕಾಲೇಜಿನಿಂದ ಕೊಳವೆ ಸಿಕ್ಕಿದರೆ ಅದನ್ನು ತೊಟ್ಟೆಯ ಪಕ್ಕದಲ್ಲಿಟ್ಟು ಎರಡರ ಗ್ಲೂಕೋಸನ್ನೂ ಅವಳೇ ಪರೀಕ್ಷಿಸಲಿ.