ಗ್ಲೂಕೋಸ್ ನೀರು ಕುಡಿದು ಎರಡು ಗಂಟೆ ಕೂರೋದು ಹೇಗೆ? ನಿಮ್ಮ ಅನುಭವ ಹೇಳಿ

ತುಮಕೂರಿನ ಬಸುರಿ:
ನನಗೆ ಈಗ 25 ವಾರ. ಮೊದಲ ಮಗು. ಕಳೆದ ಶನಿವಾರ ಶುಗರ್ ಟೆಸ್ಟಿಗೆ ಹೋಗಿದ್ದೆ. ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದು 75 ಗ್ರಾಂ ಗ್ಲೂಕೋಸ್ ನೀರು ಕೊಟ್ಟರು. ಹದಿನೈದು ನಿಮಿಷಕ್ಕೆ ಪೂರ್ತಿ ವಾಂತಿ ಆಯಿತು. ಈ ಶುಕ್ರವಾರ ಮತ್ತೆ ಬನ್ನಿ ಅಂದಿದ್ದಾರೆ. ಆ ಸಿಹಿ ನೆನೆಸಿಕೊಂಡರೇ ಗಂಟಲು ಹಿಡಿಯುತ್ತದೆ. ನಿಂಬೆಹಣ್ಣು ಹಿಂಡಿಕೊಳ್ಳಬಹುದಾ? ಯಜಮಾನರಿಗೆ ರಜೆ ಇಲ್ಲ, ಒಬ್ಬಳೇ ಹೋಗಬೇಕು. ನೀವೆಲ್ಲ ಆ ಎರಡು ಗಂಟೆ ಹೇಗೆ ಕಳೆದಿರಿ?

ಹಾಸನದ ಟೀಚರ್:
ನಾನೂ ಎರಡು ಸಲ ಕುಡಿದವಳು. ಮೊದಲ ಸಲ 22ನೇ ನಿಮಿಷಕ್ಕೆ ವಾಂತಿ. ವಾಶ್ ಬೇಸಿನ್ ತನಕವೂ ಹೋಗಲು ಆಗಲಿಲ್ಲ, ಸೀರೆ ಸೆರಗು ಪೂರ್ತಿ ಅಂಟು ಅಂಟು. ಅದೇ ಸೆರಗಲ್ಲಿ ಆಟೋ ಹತ್ತಿ ಮನೆಗೆ ಬಂದೆ. ಹೋಗೋಕೆ 140, ಬರೋಕೆ 140. ಎರಡನೇ ಸಲ ಲ್ಯಾಬಿನವರು ಮತ್ತೆ ಪೂರ್ತಿ ದುಡ್ಡು ತೆಗೆದುಕೊಂಡರು. ಕೇಳಿದ್ದಕ್ಕೆ "ಕಿಟ್ ಖರ್ಚಾಯ್ತಲ್ಲ ಮೇಡಂ" ಅಂದರು.

ಎರಡನೇ ಸಲ ನೀರು ತಣ್ಣಗಿತ್ತು, ಹೊಟ್ಟೆಯಲ್ಲಿ ನಿಂತಿತು. ಆದರೆ ರಿಪೋರ್ಟ್ ನೋಡಿ ಅತ್ತುಬಿಟ್ಟೆ. ಖಾಲಿ ಹೊಟ್ಟೆ 94, ಒಂದು ಗಂಟೆಗೆ 171, ಎರಡು ಗಂಟೆಗೆ 138. ಕೊನೆಯ ಎರಡೂ ಸರಿ ಇವೆ. ಖಾಲಿ ಹೊಟ್ಟೆಯದು 92 ಮುಟ್ಟಬಾರದಂತೆ. ಎರಡೇ ಎರಡು ಪಾಯಿಂಟ್! ಮೂರರಲ್ಲಿ ಒಂದು ದಾಟಿದರೂ ಶುಗರ್ ಅಂತ ಬರೆಯುತ್ತಾರೆ. ಅಲ್ಲಿಂದ ಹೆರಿಗೆ ತನಕ 11 ವಾರ, ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿಕೊಂಡೆ. 308 ಸ್ಟ್ರಿಪ್. 50ರ ಬಾಕ್ಸ್ 1,050 ರೂಪಾಯಿ, ಏಳು ಬಾಕ್ಸ್ ತರಿಸಿದೆವು, 7,350. ಸೂಜಿ ಬೇರೆ, ಡಯಟೀಷಿಯನ್ ಫೀಸ್ ಬೇರೆ. ಬೋರ್ಡ್ ಮೇಲೆ ಬರೆಯುವಾಗ ಸೀಮೆಸುಣ್ಣದ ಪುಡಿ ಬೆರಳಿನ ತೂತುಗಳಿಗೆ ತಾಗಿ ಉರಿಯುತ್ತಿತ್ತು. ಈಗಲೂ ಆ 94 ಕಣ್ಣ ಮುಂದೆ ಇದೆ.

ರಾಯಚೂರಿನ ಅಕ್ಕ:
ಇದಕ್ಕೆಲ್ಲ ಯಾಕೆ ಇಷ್ಟು ದುಡ್ಡು ಸುರೀತೀರಿ? ನನಗೆ ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾಡಿದರು. ಒಂದು ಪೈಸೆ ಇಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದು ಕರೆದುಕೊಂಡು ಹೋದರು. ಬೆಳಿಗ್ಗೆ ರೊಟ್ಟಿ, ಪುಂಡಿಪಲ್ಯ ತಿಂದೇ ಹೋಗಿದ್ದೆ. ಅಲ್ಲಿ ಖಾಲಿ ಹೊಟ್ಟೆ ಬೇಕಿಲ್ಲ. ಅದೇ 75 ಗ್ರಾಂ, 300 ಮಿಲಿ ನೀರಲ್ಲಿ ಕರಗಿಸಿ ಕೊಟ್ಟರು. ನಿಧಾನಕ್ಕೆ ಕುಡಿಯಿರಿ, ಹತ್ತು ನಿಮಿಷದೊಳಗೆ ಮುಗಿಸಿ ಅಂದರು. ಎರಡು ಗಂಟೆ ಆದ ಮೇಲೆ ಬೆರಳಿಗೆ ಒಂದೇ ಚುಚ್ಚು. ಅರ್ಧ ಗಂಟೆಯೊಳಗೆ ವಾಂತಿ ಆದರೆ ಮಾರನೇ ದಿನ ಬರಬೇಕು, ಅರ್ಧ ಗಂಟೆ ದಾಟಿದ ಮೇಲಾದರೆ ಟೆಸ್ಟ್ ನಿಲ್ಲಿಸಲ್ಲ ಅಂತ ನರ್ಸಮ್ಮ ಮೊದಲೇ ಹೇಳಿದ್ದರು. ಹೊಟ್ಟೆ ತುಂಬಿದ್ದಕ್ಕೋ ಏನೋ, ನನಗೆ ವಾಕರಿಕೆಯೂ ಬರಲಿಲ್ಲ.

ನನ್ನದು 151 ಬಂತು. 140 ಬಂದರೇ ಶುಗರ್ ಅಂತ ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ಎರಡು ವಾರ ಬರೀ ಊಟದಲ್ಲಿ ಸರಿ ಮಾಡಿ ನೋಡೋಣ, ಆಗದಿದ್ದರೆ ಮಾತ್ರೆ ಅಂದರು. ಜೋಳದ ರೊಟ್ಟಿ, ಕಾಳು ಪಲ್ಯ, ಮಜ್ಜಿಗೆ. ಎರಡು ವಾರಕ್ಕೆ ಊಟ ಆಗಿ ಎರಡು ಗಂಟೆಗೆ 112. 120 ದಾಟಬಾರದು ಅಂದಿದ್ದರು, ಕೊನೇ ತನಕ ದಾಟಲಿಲ್ಲ. ಮಗು 2.9 ಕೆಜಿ, ನಾರ್ಮಲ್ ಹೆರಿಗೆ.

ಹಾಸನದ ಟೀಚರ್:
ಅಕ್ಕ, ಬೇಜಾರು ಮಾಡ್ಕೋಬೇಡಿ. ನಿಮ್ಮ ಟೆಸ್ಟಿನಲ್ಲಿ ಖಾಲಿ ಹೊಟ್ಟೆಯ ಶುಗರ್ ನೋಡೋದೇ ಇಲ್ಲ. ನನ್ನ ಎರಡು ಗಂಟೆಯದು 138. ನಿಮ್ಮ ಕೇಂದ್ರಕ್ಕೆ ಬಂದಿದ್ದರೆ ನನ್ನನ್ನು ಸರಿ ಇದ್ದೀರಿ ಅಂತ ಮನೆಗೆ ಕಳಿಸುತ್ತಿದ್ದರು.

ರಾಯಚೂರಿನ ಅಕ್ಕ:
ಹಂಗಾದ್ರೆ ನಿಮ್ಮ ಲ್ಯಾಬಿಗೆ ನಾನು ಬಂದಿದ್ದರೆ? ಅಲ್ಲಿ ಎರಡು ಗಂಟೆಗೆ 153 ಮುಟ್ಟುವ ತನಕ ಬಿಡುತ್ತಾರಲ್ಲ. ನನ್ನ 151ನ್ನು ಅವರು ಕೇಳುತ್ತಲೇ ಇರಲಿಲ್ಲ. ನಮ್ಮೂರಿಂದ ಖಾಲಿ ಹೊಟ್ಟೆಯಲ್ಲಿ ಬಾ ಅಂದರೆ ಯಾರು ಬರುತ್ತಾರೆ? ಬಸ್ ಇರೋದೇ ಎರಡು. ಬಸುರಿ ಹೆಂಗಸು ಹತ್ತು ಗಂಟೆ ತನಕ ಉಪವಾಸ ಇದ್ದು ದಾರಿಯಲ್ಲಿ ಬಿದ್ದರೆ? ಸರ್ಕಾರಿ ಅಂದ ತಕ್ಷಣ ಕಡಿಮೆ ಅಂತ ತಿಳ್ಕೋಬೇಡಿ.

ಹಾಸನದ ಟೀಚರ್:
ನಾನು ಕಡಿಮೆ ಅನ್ನಲೇ ಇಲ್ಲ. ನಾನೂ ಸರ್ಕಾರಿ ಶಾಲೆಯಲ್ಲೇ ಪಾಠ ಮಾಡುವವಳು.

ನ್ಯೂಜೆರ್ಸಿಯಿಂದ:
ಇಲ್ಲಿ ಇನ್ನೊಂದು ಥರ. ಮೊದಲು 50 ಗ್ರಾಂ ಕುಡಿಸಿ ಒಂದು ಗಂಟೆಗೆ ನೋಡುತ್ತಾರೆ. ನನಗೆ 146 ಬಂತು. ಹಾಗಾಗಿ ದೊಡ್ಡ ಟೆಸ್ಟ್, 100 ಗ್ರಾಂ, ಮೂರು ಗಂಟೆ, ನಾಲ್ಕು ಸಲ ರಕ್ತ. ಕಿತ್ತಳೆ ಬಣ್ಣದ ನೀರು, ಐದು ನಿಮಿಷದಲ್ಲಿ ಮುಗಿಸಬೇಕು. ನಾನು ಫ್ರಿಜ್ಜಿನಲ್ಲಿಟ್ಟದ್ದೇ ಕೊಡಿ ಅಂತ ಹಟ ಮಾಡಿ ಕೇಳಿದೆ, ಅದೇ ನನ್ನನ್ನು ಕಾಪಾಡಿತು. ಎರಡನೇ ಗಂಟೆಯಲ್ಲಿ ಕೈ ನಡುಗಿ ಬೆವರು ಬಂತು. ಮಗು ಒಳಗೆ ಒಂದೇ ಸಮ ಒದೆಯುತ್ತಿತ್ತು. ಫೋನಿನಲ್ಲಿ ಅಮ್ಮ ಇದ್ದರು. ಅಲ್ಲಿ ರಾತ್ರಿ, ಅವರು ನಿದ್ದೆಗೆಟ್ಟು ಮಾತಾಡುತ್ತಾ ಕೂತಿದ್ದರು.

88, 193, 150, 121 ಬಂತು. ಇಲ್ಲಿನ ಗಡಿ 95, 180, 155, 140. ಎರಡು ದಾಟಿದರೆ ಮಾತ್ರ ಶುಗರ್ ಅಂತ ಲೆಕ್ಕ. ನನ್ನದು ಒಂದೇ ದಾಟಿತ್ತು, ಬಿಟ್ಟರು. ಆದರೆ ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡುವ ಮೊದಲು ನಾವೇ ಕಟ್ಟಬೇಕಾದ ಪಾಲು) ಮುಗಿದಿರಲಿಲ್ಲ ಅಂತ ಲ್ಯಾಬ್ ಬಿಲ್ ನನ್ನ ತಲೆಗೇ ಬಂತು. ಮೂರು ತಿಂಗಳು ಇನ್ಶೂರೆನ್ಸಿನವರ ಜೊತೆ ಫೋನಲ್ಲಿ ಜಗಳ ಆಡಿದೆ.

ಹಾಸನದ ಟೀಚರ್:
95 ಅಂತಾ? ನನ್ನದು 94.

ಶಿವಮೊಗ್ಗದ ಅಮ್ಮ:
ನಂಬರ್ ಒಂದು ಪಾಯಿಂಟ್ ಹೆಚ್ಚು ಕಡಿಮೆ ಅಂತ ಕೊರಗುವವರು ನನ್ನ ಕಥೆ ಕೇಳಿ. ನಾನು ಟೆಸ್ಟೇ ಮಾಡಿಸಲಿಲ್ಲ. 2021ರ ಮೇ, ಎರಡನೇ ಅಲೆ. ಲ್ಯಾಬಿನಲ್ಲಿ ಕೆಮ್ಮುವವರ ನಡುವೆ ಎರಡು ಗಂಟೆ ಕೂರಲು ಭಯ ಆಗಿ ಬಾಗಿಲಿಂದಲೇ ವಾಪಸ್ ಬಂದೆ. ನಮ್ಮ ಮನೆಯಲ್ಲಿ ಯಾರಿಗೂ ಶುಗರ್ ಇಲ್ಲ ಅನ್ನೋ ಧೈರ್ಯ ಬೇರೆ. ಹೊಟ್ಟೆ ದೊಡ್ಡದಾಯ್ತು, ಎಲ್ಲರೂ ಗಂಡು ಮಗು ಅಂದರು. ಹುಟ್ಟಿದಾಗ 4.1 ಕೆಜಿ. ಸಿಸೇರಿಯನ್. ಎರಡು ಗಂಟೆಯಲ್ಲಿ ಮಗು ನಡುಗತೊಡಗಿತು, ಶುಗರ್ 31ಕ್ಕೆ ಇಳಿದಿತ್ತು. ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ನನ್ನ ರಕ್ತದ ಸಕ್ಕರೆ ಮಗುವಿಗೆ ಹೋಗುತ್ತಲೇ ಇತ್ತು. ಅದನ್ನು ತಡೆಯಲು ಮಗು ತಾನೇ ಜಾಸ್ತಿ ಇನ್ಸುಲಿನ್ ಮಾಡಿಕೊಳ್ಳುತ್ತಿತ್ತು. ಹೊಕ್ಕಳ ಬಳ್ಳಿ ಕತ್ತರಿಸಿದಾಗ ಸಕ್ಕರೆ ನಿಂತಿತು, ಇನ್ಸುಲಿನ್ ನಿಲ್ಲಲಿಲ್ಲ.

ನಾಲ್ಕು ದಿನ ಎನ್‌ಐಸಿಯು, ಹಸುಗೂಸುಗಳ ಐಸಿಯು. 62,000 ರೂಪಾಯಿ, ನನ್ನ ಬಳೆ ಅಡ ಇಟ್ಟೆವು. ಕೊನೆಗೆ ಮಗುವನ್ನು ಕೈಗೆ ಕೊಟ್ಟಾಗ ಹಿಮ್ಮಡಿ ನೋಡಿದೆ. ಹೆಬ್ಬೆರಳು ಉಗುರಿನಷ್ಟು ಜಾಗದಲ್ಲಿ ಹನ್ನೊಂದು ಕೆಂಪು ಚುಕ್ಕೆ. ಎಣಿಸಿದ್ದೇನೆ.

ಮಂಡ್ಯದವಳು:
ಪಾಪ ಮೊದಲ ಬಸುರಿ ಕೇಳುತ್ತಿದ್ದಾಳೆ, ಇದನ್ನೆಲ್ಲ ಹೇಳಿ ಹೆದರಿಸಬೇಡಿ. ತಂಗಿ, ನಾನು ಮಾಡಿದ್ದು ಹೇಳ್ತೀನಿ. ಟೆಸ್ಟಿಗೆ ಮೂರು ದಿನ ಮುಂಚೆ ಅನ್ನ, ಸಿಹಿ, ಹಣ್ಣು ಎಲ್ಲ ಬಿಟ್ಟೆ. ಬರೀ ಮೊಟ್ಟೆ, ಸೊಪ್ಪು, ಬೆಳಿಗ್ಗೆ ಒಂದು ಲೋಟ ರಾಗಿ ಗಂಜಿ. 84, 139, 118 ಬಂತು. ಲ್ಯಾಬಿನವರೇ ಭೇಷ್ ಅಂದರು.

ಶಿವಮೊಗ್ಗದ ಅಮ್ಮ:
ಹೆದರಿಸುತ್ತಿಲ್ಲ, ನಡೆದದ್ದು ಹೇಳಿದೆ. ನೀವು ಹೇಳುತ್ತಿರೋದು ಟೆಸ್ಟಿಗೆ ಮೋಸ ಮಾಡೋದು. ಯಾರಿಗೆ ಮೋಸ? ಹೊಟ್ಟೆಯಲ್ಲಿರುವ ಮಗುವಿಗೆ ತಾನೇ?

ಮಂಡ್ಯದವಳು:
ಮೋಸ ಅನ್ನೋ ಮಾತು ವಾಪಸ್ ತಗೊಳ್ಳಿ. ನಾನು ಒಂಬತ್ತು ತಿಂಗಳೂ ಹಾಗೇ ತಿಂದೆ. ನನ್ನ ಮಗು ಚೆನ್ನಾಗಿದೆ. ಟೆಸ್ಟೇ ಮಾಡಿಸದವರು ನನಗೆ ಬುದ್ಧಿ ಹೇಳಬೇಡಿ.

ಮಂಗಳೂರಿನ ಲ್ಯಾಬ್ ಟೆಕ್ನಿಷಿಯನ್:
ಜಗಳ ಆಮೇಲೆ ಮಾಡಿ. ಅನ್ನ ಬಿಟ್ಟು ಬಂದರೆ ಕೆಲವರಿಗೆ ಉಲ್ಟಾ ಆಗುತ್ತದೆ. ಮೈಗೆ ಸಕ್ಕರೆಯ ಅಭ್ಯಾಸ ತಪ್ಪಿರುತ್ತದೆ, ಗ್ಲೂಕೋಸ್ ಬಿದ್ದಾಗ ಇನ್ನೂ ಜಾಸ್ತಿ ಏರುತ್ತದೆ. ಇಲ್ಲದ ಶುಗರ್ ಇದೆ ಅಂತ ಬರುತ್ತದೆ. ಮೂರು ದಿನ ದಿನಾ ಉಣ್ಣುವಷ್ಟೇ ಉಣ್ಣಿ. ಕುಡಿದ ಮೇಲೆ ಕಾರಿಡಾರಿನಲ್ಲಿ ಓಡಾಡಬೇಡಿ, ನಡೆದರೆ ಶುಗರ್ ಇಳಿಯುತ್ತದೆ, ನಂಬರ್ ಸುಳ್ಳಾಗುತ್ತದೆ. ನಮ್ಮಲ್ಲಿ ನಿಂಬೆರಸ ನಾಲ್ಕು ಹನಿ ನಾವೇ ಹಿಂಡಿ ಕೊಡುತ್ತೇವೆ. ನಿಮ್ಮ ಲ್ಯಾಬಿನಲ್ಲಿ ಮೊದಲೇ ಕೇಳಿಕೊಳ್ಳಿ. ಇನ್ನೊಂದು ಮಾತು. ವಾಂತಿ ಆದರೆ ಹೇಳಿ, ಮುಚ್ಚಿಡಬೇಡಿ. ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿ ಬಂದು ಸುಮ್ನೆ ಕೂರುವವರನ್ನು ವಾರಕ್ಕೊಬ್ಬರಾದರೂ ನೋಡುತ್ತೇನೆ. ಸಿಟ್ಟು ಬರುತ್ತದೆ ನನಗೆ. ಆ ರಿಪೋರ್ಟಿಗೆ ಕೈಯಾರೆ ಸಹಿ ಹಾಕುವವಳು ನಾನು.

ಹಾಸನದ ಟೀಚರ್:
ಮಂಡ್ಯದವರೇ, ರಾಗಿ ಗಂಜಿ ಮಾತ್ರ ಯಾರಿಗೂ ಹೇಳಬೇಡಿ. ನನ್ನ ಡೈರಿಯಲ್ಲಿದೆ. ಗಂಜಿ ಕುಡಿದು ಎರಡು ಗಂಟೆಗೆ 148. ಅದೇ ರಾಗಿ, ಚಿಕ್ಕ ಮುದ್ದೆ, ಹುರುಳಿ ಕಾಳಿನ ಬಸ್ಸಾರು ಜೊತೆ 116. ನುಣ್ಣಗೆ ಬೀಸಿ, ಬೇಯಿಸಿ, ನೀರಾಗಿಸಿ ಕುಡಿದರೆ ಬೇಗ ಏರುತ್ತದೆ.

ಮಂಡ್ಯದವಳು:
ರಾಗಿಗೂ ಹೆಸರಿಡ್ತೀರಾ? ನಮ್ಮಜ್ಜಿ ಹನ್ನೊಂದು ಹೆತ್ತವಳು, ಗಂಜಿ ಕುಡಿದೇ.

ರಾಯಚೂರಿನ ಅಕ್ಕ:
ಮುದ್ದೆಗಿಂತ ಜೋಳದ ರೊಟ್ಟಿ ಮೇಲು. ರೊಟ್ಟಿ ಎಣಿಸಿ ತಿನ್ನಬಹುದು. ಮುದ್ದೆ ಒಬ್ಬೊಬ್ಬರ ಕೈಗೆ ಒಂದೊಂದು ಗಾತ್ರ.

ತುಮಕೂರಿನ ಬಸುರಿ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮುಗಿಸಿ ಬಂದೆ. ಮೂರು ದಿನ ಎಂದಿನ ಊಟವೇ ಉಂಡೆ. ಕೇಳಿದ್ದಕ್ಕೆ ನಿಂಬೆ ಹಿಂಡಿ ಕೊಟ್ಟರು, ಫ್ರಿಜ್ಜಿನ ನೀರೇ ಹಾಕಿದರು. ಏಳು ನಿಮಿಷದಲ್ಲಿ ಕುಡಿದೆ. 20ನೇ ನಿಮಿಷಕ್ಕೆ ಬಾಯಲ್ಲಿ ನೀರೂರಿ ಇನ್ನೇನು ಬಂತು ಅನ್ನಿಸಿತು. ಕಣ್ಣು ಮುಚ್ಚಿ ಗೋಡೆಗೆ ಒರಗಿದೆ. ಪಕ್ಕದಲ್ಲಿ ಕೂತಿದ್ದ ಯಾರೋ ಅಜ್ಜಿ ತನ್ನ ಸೆರಗಿನಿಂದ ಗಾಳಿ ಬೀಸಿದರು. ನಿಂತಿತು. ರಿಪೋರ್ಟ್ ಸಂಜೆ ಆರಕ್ಕೆ.

ಹಾಸನದ ಟೀಚರ್:
ಖಾಲಿ ಹೊಟ್ಟೆಯ ನಂಬರ್ ಮೊದಲು ನೋಡಿ. ನಮಗೂ ಹೇಳಿ.

ರಾಯಚೂರಿನ ಅಕ್ಕ:
ಎರಡು ಗಂಟೆಯದೂ ಹೇಳು ತಂಗಿ. 140 ಮುಟ್ಟಿದ್ದರೆ, 153 ಮುಟ್ಟಿಲ್ಲ ಅಂತ ಸುಮ್ನೆ ಇರಬೇಡ.

ಮಂಡ್ಯದವಳು:
ಟೀಚರೇ, ನಿಮ್ಮ ಚಿಕ್ಕ ಮುದ್ದೆ ಅಂದರೆ ಎಷ್ಟು? ನಾನು ಈಗ ನಮ್ಮನೆಯ ಮುದ್ದೆಯನ್ನು ತಕ್ಕಡಿಯಲ್ಲಿಟ್ಟು ನೋಡಿದೆ. 310 ಗ್ರಾಂ ಇದೆ.